ಸೋಲೇ ಕಾಣದ ತಂಡ ಮೂರನೆಯದಾದಾಗ: ಕೊಡಗಿನ ಆರು ಕಾಲೇಜು ಹಾಕಿ ತಂಡಗಳ ಶ್ರೇಯಾಂಕ ಪ್ರಕರಣ

ಕೊಡಗಿನ ಆರು ಕಾಲೇಜುಗಳ ಹಾಕಿ ತಂಡಗಳಲ್ಲಿ ಒಂದಕ್ಕೆ ಮಾತ್ರ ಜಿಲ್ಲೆಯಾಚೆಯ ಟೂರ್ನಿಗೆ ಹೋಗುವ ಅವಕಾಶ. ಫೈನಲ್ ಆಡಿಸಲು ದಿನವಿಲ್ಲ, ಸೆಮಿಸ್ಟರ್ ಪರೀಕ್ಷೆ ಎದುರಿಗೇ ಇದೆ. ಈಗಾಗಲೇ ಮುಗಿದಿರುವ 14 ಪಂದ್ಯಗಳ ಫಲಿತಾಂಶ ನೋಡಿಯೇ ಮೊದಲ ಸ್ಥಾನ ಯಾರದೆಂದು ತೀರ್ಮಾನಿಸಬೇಕು. ಆಡಿದ ನಾಲ್ಕನ್ನೂ ಗೆದ್ದ ತಂಡ ಒಂದಿದೆ. ಅದನ್ನೇ ಕಳಿಸಿದರಾಯಿತು, ಇದರಲ್ಲಿ ಚರ್ಚೆ ಏನು ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ಆದರೆ ಇವೇ ಫಲಿತಾಂಶಗಳನ್ನು ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ದಶಕಗಳ ಕಾಲ ಬಳಸಿದ ಒಂದು ಸೂತ್ರಕ್ಕೆ ಕೊಟ್ಟರೆ ಆ ತಂಡ ಮೂರನೆಯದು. ಇನ್ನೊಂದಕ್ಕೆ ಕೊಟ್ಟರೆ ಜಂಟಿ ಮೊದಲನೆಯದು. ಮತ್ತೊಂದರಲ್ಲಿ ಅದು ಒಂದನೆಯದೋ ಎರಡನೆಯದೋ ಎಂಬುದು ಗೋಲಿನ ಅಂತರಕ್ಕೆ ಮಿತಿ ಎಷ್ಟಿಟ್ಟಿರಿ ಎಂಬುದರ ಮೇಲೆ ನಿಂತಿದೆ.

ತಂಡಗಳನ್ನೂ ಅಂಕಿಗಳನ್ನೂ ಲೆಕ್ಕ ತೋರಿಸಲೆಂದು ಕಟ್ಟಿದ್ದು, ಯಾವ ಕಾಲೇಜಿಗೂ ಸೇರಿದ್ದಲ್ಲ. ಪಂದ್ಯಪಟ್ಟಿಯ ಆಕಾರವನ್ನು ಮಾತ್ರ ಜಿಲ್ಲೆಯ ರಸ್ತೆಗಳಿಂದಲೇ ತೆಗೆದುಕೊಂಡಿದೆ. ಗೋಣಿಕೊಪ್ಪದಿಂದ ಪೊನ್ನಂಪೇಟೆಗೆ ಐದಾರು ಕಿಲೋಮೀಟರ್, ವಿರಾಜಪೇಟೆಯೂ ದೂರವಲ್ಲ. ಮಧ್ಯಾಹ್ನದ ತರಗತಿ ಮುಗಿಸಿ ಹೊರಟು ಪಂದ್ಯ ಆಡಿ ಕತ್ತಲಾಗುವುದರೊಳಗೆ ಮನೆ ಸೇರಬಹುದು. ಸೋಮವಾರಪೇಟೆಯ ತಂಡ ಪೊನ್ನಂಪೇಟೆಗೆ ಬಂದು ಹೋಗಬೇಕೆಂದರೆ ಇಡೀ ದಿನ ಬೇಕು, ವಾಹನದ ಬಾಡಿಗೆ ಬೇಕು, ಹುಡುಗರಿಗೆ ಊಟ ಬೇಕು. ಹಾಗಾಗಿ ದಕ್ಷಿಣದ ಮೂರು ತಂಡಗಳು ತಮ್ಮತಮ್ಮಲ್ಲೇ, ಮಡಿಕೇರಿ–ಕುಶಾಲನಗರ–ಸೋಮವಾರಪೇಟೆ ಕಡೆಯ ಮೂರು ತಂಡಗಳು ತಮ್ಮತಮ್ಮಲ್ಲೇ ಹೆಚ್ಚಾಗಿ ಆಡಿಕೊಳ್ಳುತ್ತವೆ. ಈ ಕಡೆಗೂ ಆ ಕಡೆಗೂ ನಡುವೆ ನಡೆದದ್ದು ಎರಡೇ ಪಂದ್ಯ.

ದಕ್ಷಿಣದ ತಂಡಗಳನ್ನು ಕ, ಖ, ಗ ಎಂದೂ ಉತ್ತರದವನ್ನು ಚ, ಛ, ಜ ಎಂದೂ ಕರೆಯೋಣ.

ಫಲಿತಾಂಶಗಳು

ದಕ್ಷಿಣ: ಕ–ಖ 2–1, 0–1. ಕ–ಗ 3–1, 2–0. ಖ–ಗ 3–1, 1–2.
ಉತ್ತರ: ಚ–ಛ 6–0, 5–0. ಚ–ಜ 7–1, 8–1. ಛ–ಜ 2–1, 0–1.
ಅಡ್ಡ ಪಂದ್ಯಗಳು: ಖ–ಜ 4–1. ಗ–ಛ 2–1.

ಗೆಲುವು–ಸೋಲಿನ ಲೆಕ್ಕ: ಚ 4–0, ಕ 3–1, ಖ 3–2, ಗ 2–3, ಛ 1–4, ಜ 1–4.

ಚ ತಂಡದ ದೈಹಿಕ ಶಿಕ್ಷಣ ನಿರ್ದೇಶಕರ ವಾದ ಸರಳ: ನಮ್ಮನ್ನು ಯಾರೂ ಸೋಲಿಸಿಲ್ಲ, 26 ಗೋಲು ಹೊಡೆದು ಎರಡು ಬಿಟ್ಟುಕೊಟ್ಟಿದ್ದೇವೆ. ಕ ತಂಡದವರ ವಾದವೂ ಅಷ್ಟೇ ಗಟ್ಟಿ: ನೀವು ಹೊಡೆದದ್ದು ಯಾರಿಗೆ? ನಮ್ಮ ಗುಂಪಿನ ಕಡೆಯ ತಂಡವಾದ ಗ ಕೂಡ ನಿಮ್ಮ ಛ ತಂಡವನ್ನು ಸೋಲಿಸಿದೆ, ನಮ್ಮ ಎರಡನೆಯ ತಂಡ ನಿಮ್ಮ ಜ ತಂಡವನ್ನು 4–1ರಿಂದ ಸೋಲಿಸಿದೆ. ಇಬ್ಬರೂ ಹೇಳುತ್ತಿರುವುದು ನಿಜವೇ. ರೇಟಿಂಗ್ ಸೂತ್ರ ಮಾಡುವ ಕೆಲಸವೆಂದರೆ ಈ ಎರಡು ನಿಜಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಎಂದು ನಿಗದಿಪಡಿಸುವುದು. ಆ ತೂಕ ಗಣಿತದೊಳಗಿಂದ ತಾನಾಗಿ ಹುಟ್ಟಿ ಬರುವುದಿಲ್ಲ; ಯಾರೋ ಕುಳಿತು ಇಡುತ್ತಾರೆ.

ಮೊದಲ ಸೂತ್ರ: ಗೆದ್ದ ಪ್ರಮಾಣ

ಚ 1.000, ಕ 0.750, ಖ 0.600. ಎಲ್ಲರೂ ಎಲ್ಲರೊಡನೆ ಆಡಿದ್ದರೆ ಇದಕ್ಕಿಂತ ನ್ಯಾಯವಾದ ಲೆಕ್ಕ ಇನ್ನೊಂದಿಲ್ಲ. ಆಡಿಲ್ಲದಿದ್ದರೆ ಇದರಷ್ಟು ಸುಲಭವಾಗಿ ತಿರುಚಬಹುದಾದದ್ದೂ ಇನ್ನೊಂದಿಲ್ಲ. ದುರ್ಬಲ ತಂಡಗಳನ್ನು ಕರೆದು ಇನ್ನೆರಡು ಸೌಹಾರ್ದ ಪಂದ್ಯ ಆಡಿಬಿಟ್ಟರೆ ಪ್ರಮಾಣ ಏರುತ್ತದೆ. ಇದನ್ನು ಬಿಟ್ಟು ಮುಂದೆ ಹೋಗೋಣ.

ಎರಡನೆಯದು: ಎದುರಾಳಿಯ ದಾಖಲೆಗೆ ಅರ್ಧ ತೂಕ

ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ 1981ರಿಂದ 2018ರವರೆಗೆ ಬಳಸಿದ್ದು ಆರ್‌ಪಿಐ ಎಂಬ ಸೂಚ್ಯಂಕ. ಅದರಲ್ಲಿ ಮೂರು ಭಾಗ: ತಂಡ ಗೆದ್ದ ಪ್ರಮಾಣಕ್ಕೆ 25%, ಎದುರಾಳಿಗಳು ಗೆದ್ದ ಪ್ರಮಾಣಕ್ಕೆ 50%, ಎದುರಾಳಿಗಳ ಎದುರಾಳಿಗಳು ಗೆದ್ದ ಪ್ರಮಾಣಕ್ಕೆ 25%. ಎದುರಾಳಿಯ ಪ್ರಮಾಣ ತೆಗೆಯುವಾಗ ನಮ್ಮ ವಿರುದ್ಧ ಆಡಿದ ಪಂದ್ಯಗಳನ್ನು ಬಿಟ್ಟು ಲೆಕ್ಕ ಹಾಕಬೇಕು. ಈ ಒಂದು ಹೆಜ್ಜೆಯನ್ನು ಮರೆತು ಎಕ್ಸೆಲ್ ಹಾಳೆ ಮಾಡುವವರೇ ಹೆಚ್ಚು. ಮರೆತರೆ ಗೆದ್ದ ತಂಡಕ್ಕೇ ನಷ್ಟ, ಏಕೆಂದರೆ ತಾನು ಕೊಟ್ಟ ಸೋಲು ಎದುರಾಳಿಯ ದಾಖಲೆ ಕೆಡಿಸಿ ತಿರುಗಿ ತನ್ನ ತಲೆಗೇ ಬರುತ್ತದೆ.

ಚ ತಂಡದ ಲೆಕ್ಕ ನೋಡಿ. ತನ್ನ ಪ್ರಮಾಣ 1. ಎದುರಾಳಿ ಛ: ಒಟ್ಟು 1–4, ಚ ಎದುರಿನ ಎರಡು ಸೋಲು ತೆಗೆದರೆ 1–2, ಅಂದರೆ 0.333. ಜ ತಂಡದ್ದೂ ಅಷ್ಟೇ. ಎದುರಾಳಿಗಳ ಎದುರಾಳಿಗಳದ್ದು 0.475. ಕೂಡಿಸಿದರೆ 0.250 + 0.167 + 0.119 = 0.535. ಕ ತಂಡಕ್ಕೆ ಮಾಡಿದರೆ 0.188 + 0.333 + 0.138 = 0.658. ಖ ತಂಡಕ್ಕೆ 0.585. ಹೀಗೆ ಐದರಲ್ಲಿ ಎರಡು ಸೋತ ಖ ಎರಡನೆಯದು, ಒಂದೂ ಸೋಲದ ಚ ಮೂರನೆಯದು.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಖ ತಂಡ ಜ ತಂಡವನ್ನು 4–1ರಿಂದ ಗೆದ್ದ ಪಂದ್ಯ ನಡೆಯಲೇ ಇಲ್ಲ ಎಂದಿಟ್ಟುಕೊಂಡು ಲೆಕ್ಕ ಹಾಕಿ. ಖ ತಂಡದ ಸೂಚ್ಯಂಕ 0.5875 ಬರುತ್ತದೆ. ಪಂದ್ಯ ಆಡಿ ಗೆದ್ದ ಮೇಲೆ 0.5850. ಗೆದ್ದದ್ದಕ್ಕೆ ದಂಡ! ಕಾರಣ ಸರಳ: ಗೆಲುವಿನಿಂದ ಬಂದ ಲಾಭಕ್ಕೆ ಕಾಲು ಭಾಗದ ತೂಕ, ದುರ್ಬಲ ಎದುರಾಳಿಯನ್ನು ಪಟ್ಟಿಗೆ ಸೇರಿಸಿಕೊಂಡ ನಷ್ಟಕ್ಕೆ ಅರ್ಧದ ತೂಕ. ಅಮೆರಿಕದ ಕಾಲೇಜು ಐಸ್ ಹಾಕಿಯಲ್ಲಿ ಇದೇ ತೊಂದರೆ ಎದುರಾಗಿ, ಸೂಚ್ಯಂಕವನ್ನು ಇಳಿಸುವ ಗೆಲುವುಗಳನ್ನು ಲೆಕ್ಕದಿಂದಲೇ ಕೈಬಿಡುವ ತೇಪೆ ಹಾಕಬೇಕಾಯಿತು. ತೇಪೆ ಕೆಲಸ ಮಾಡುತ್ತದೆ, ಆದರೆ ಗೆದ್ದವನನ್ನು ಕೆಳಗಿಳಿಸುವ ಸೂತ್ರವನ್ನು ಕಾಲೇಜು ಹುಡುಗರ ಮುಂದೆ ಸಮರ್ಥಿಸುವುದು ಕಷ್ಟ. ನಮ್ಮ ಪ್ರಕರಣಕ್ಕೆ ಆರ್‌ಪಿಐ ಬೇಡ.

ಮೂರನೆಯದು: ಕೋಲಿ

ವೆಸ್ಲಿ ಕೋಲಿ ಎಂಬ ಖಗೋಳ ವಿಜ್ಞಾನಿ ರೂಪಿಸಿದ ವಿಧಾನ ಇದು. ಅಮೆರಿಕನ್ ಕಾಲೇಜು ಫುಟ್‌ಬಾಲ್‌ನ ಪ್ರಶಸ್ತಿ ಪಂದ್ಯಕ್ಕೆ ತಂಡಗಳನ್ನು ಆರಿಸುತ್ತಿದ್ದ ಬಿಸಿಎಸ್ ವ್ಯವಸ್ಥೆ ಬಳಸಿದ ಆರು ಕಂಪ್ಯೂಟರ್ ಶ್ರೇಯಾಂಕಗಳಲ್ಲಿ ಒಂದಾಗಿತ್ತು. ಗೋಲಿನ ಅಂತರ, ತಾರೀಕು, ಮೈದಾನ, ಹಿಂದಿನ ವರ್ಷದ ಹೆಸರು ಯಾವುದೂ ಇದಕ್ಕೆ ಬೇಡ. ಯಾರು ಯಾರನ್ನು ಗೆದ್ದರು ಎಂಬುದಷ್ಟೇ ಸಾಕು.

ಆರಂಭ ಹೀಗೆ: ಗೆಲುವಿಗೆ 1 ಸೇರಿಸಿ, ಆಡಿದ ಪಂದ್ಯಗಳಿಗೆ 2 ಸೇರಿಸಿ, ಭಾಗಿಸಿ. ಒಂದೇ ಪಂದ್ಯ ಆಡಿ ಗೆದ್ದವರಿಗೆ ನೂರಕ್ಕೆ ನೂರು ಸಿಗದೆ 2/3 ಸಿಗುತ್ತದೆ. ಏನೂ ಆಡದವರಿಗೆ 0.5. ಇದರ ಮೇಲೆ ಎದುರಾಳಿಯ ಬಲ ಸೇರಬೇಕು. ಕೈಲೆಕ್ಕದಲ್ಲಿ ಮಾಡುವುದಾದರೆ ಪ್ರತಿ ತಂಡಕ್ಕೂ ಇದನ್ನು ಬರೆಯಿರಿ:

ರೇಟಿಂಗ್ = [1 + (ಗೆಲುವು − ಸೋಲು) ÷ 2 + ಎದುರಾಳಿಗಳ ರೇಟಿಂಗ್‌ಗಳ ಮೊತ್ತ] ÷ (2 + ಪಂದ್ಯಗಳು)

ಒಂದೇ ಎದುರಾಳಿಯನ್ನು ಎರಡು ಸಲ ಎದುರಿಸಿದ್ದರೆ ಅವರ ರೇಟಿಂಗ್ ಎರಡು ಸಲ ಕೂಡಬೇಕು. ಮೊದಲು ಎಲ್ಲರಿಗೂ 0.5 ಇಟ್ಟು ಶುರು ಮಾಡಿ. ಮೊದಲ ಸುತ್ತಿನಲ್ಲಿ ಚ (3 + 2) ÷ 6 = 0.833; ಕ (2 + 2) ÷ 6 = 0.667. ಎರಡನೆಯ ಸುತ್ತಿನಲ್ಲಿ ಹೊಸ ರೇಟಿಂಗ್‌ಗಳನ್ನು ಹಾಕಿದರೆ ಛ, ಜ ಇಬ್ಬರೂ 0.286ಕ್ಕೆ ಇಳಿದಿರುವುದರಿಂದ ಚ 0.690ಕ್ಕೆ ಬೀಳುತ್ತದೆ. ಮೂರನೆಯದರಲ್ಲಿ ಮತ್ತೆ 0.713ಕ್ಕೆ ಏರುತ್ತದೆ. ಹೀಗೆ ಮೇಲೆ ಕೆಳಗೆ ತೂಗಾಡುತ್ತ ಇಪ್ಪತ್ತು–ಮೂವತ್ತು ಸುತ್ತಿನೊಳಗೆ ನಿಲ್ಲುತ್ತದೆ. ನಡುವೆ ಲೆಕ್ಕ ತಪ್ಪಿದೆಯೇ ಎಂದು ನೋಡಲು ಒಂದು ಉಪಾಯವಿದೆ: ನಿಂತ ಮೇಲೆ ಆರೂ ರೇಟಿಂಗ್‌ಗಳ ಮೊತ್ತ ಸರಿಯಾಗಿ 3 ಆಗಬೇಕು, ಅಂದರೆ ಸರಾಸರಿ 0.5. ಆಗದಿದ್ದರೆ ಯಾವುದೋ ಪಂದ್ಯ ಒಂದು ತಂಡದ ಸಾಲಿನಲ್ಲಿ ಸೇರಿ ಇನ್ನೊಂದರಲ್ಲಿ ಬಿಟ್ಟುಹೋಗಿರುವ ಸಾಧ್ಯತೆಯೇ ಹೆಚ್ಚು.

ಕೊನೆಯ ಉತ್ತರ: ಕ 0.6875, ಚ 0.6875, ಖ 0.5875, ಗ 0.4750, ಜ 0.2875, ಛ 0.2750.

ಕ, ಚ ಎರಡೂ ನಾಲ್ಕನೆಯ ದಶಮಾಂಶದವರೆಗೂ ಸಮ. ಪೂರ್ತಿ ಬಿಡಿಸಿದರೆ ಇವು ನಿಖರವಾಗಿಯೇ ಸಮ, ಮುಂದಿನ ದಶಮಾಂಶದಲ್ಲೂ ವ್ಯತ್ಯಾಸ ಸಿಗುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಇದು ಸೂತ್ರದ ಸೋಲಲ್ಲ. ಇಷ್ಟು ಮಾಹಿತಿಯಿಂದ ಇಬ್ಬರನ್ನು ಬೇರ್ಪಡಿಸಲಾಗದು ಎಂದು ಅದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಿದೆ.

ಆ ಸಮಬಲ ಎಷ್ಟು ಸಣ್ಣ ಆಧಾರದ ಮೇಲೆ ನಿಂತಿದೆ ಎಂಬುದನ್ನೂ ನೋಡಬೇಕು. ಗ–ಛ ಪಂದ್ಯ 2–1 ಆಗುವ ಬದಲು 1–2 ಆಗಿದ್ದರೆ? ಕೊನೆಯ ನಿಮಿಷದ ಒಂದು ಪೆನಾಲ್ಟಿ ಕಾರ್ನರ್ ಸಾಕು ಅದಕ್ಕೆ. ಆಗ ಚ 0.759, ಕ 0.616. ಕ ತಂಡವೂ ಆಡದ, ಚ ತಂಡವೂ ಆಡದ ಪಂದ್ಯವೊಂದು ಇಬ್ಬರಲ್ಲಿ ಯಾರು ಮೊದಲು ಎಂದು ನಿರ್ಧರಿಸುತ್ತಿದೆ. ಎರಡು ಗುಂಪುಗಳ ನಡುವೆ ಎರಡೇ ಕೊಂಡಿ ಇದ್ದರೆ ಆಗುವುದೇ ಇಷ್ಟು: ಇಡೀ ಹೋಲಿಕೆ ಆ ಎರಡು ಕೊಂಡಿಗೆ ತೂಗುಬಿದ್ದಿರುತ್ತದೆ.

ಗೋಲಿನ ಅಂತರ: ಮಿತಿ ಯಾರು ಇಡಬೇಕು

ಗೆಲುವಿನ ಗಾತ್ರವನ್ನೂ ಎಣಿಸಬೇಕೆನ್ನುವವರಿಗೆ ಮ್ಯಾಸಿ ವಿಧಾನವಿದೆ. ಕೆನೆತ್ ಮ್ಯಾಸಿ 1997ರಲ್ಲಿ, ಇನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದಾಗ, ಪ್ರಬಂಧವಾಗಿ ಬರೆದದ್ದು. ಎರಡು ತಂಡಗಳ ರೇಟಿಂಗ್ ವ್ಯತ್ಯಾಸವೇ ಅವರ ನಡುವಿನ ಗೋಲಿನ ಅಂತರ ಎಂದು ಹಿಡಿದು, ಎಲ್ಲ ಪಂದ್ಯಗಳಿಗೂ ಸಾಧ್ಯವಾದಷ್ಟು ಹೊಂದುವಂತೆ ರೇಟಿಂಗ್‌ಗಳನ್ನು ಹುಡುಕುವುದು ಇದರ ತಿರುಳು.

ಈ ಪ್ರಕರಣದಲ್ಲಿ ಅದನ್ನು ಕೈಯಲ್ಲೇ ಮಾಡಬಹುದು. ಕ ತಂಡ ತನ್ನ ನಾಲ್ಕು ಪಂದ್ಯಗಳಲ್ಲಿ ಒಟ್ಟು 4 ಗೋಲಿನ ಮುನ್ನಡೆ ಗಳಿಸಿದೆ, ಅಂದರೆ ಎದುರಾಳಿಗಳ ಸರಾಸರಿಗಿಂತ 1 ಗೋಲು ಮೇಲೆ. ಚ ತಂಡ 6 + 5 + 6 + 7 = 24, ಅಂದರೆ ಎದುರಾಳಿಗಳ ಸರಾಸರಿಗಿಂತ 6 ಗೋಲು ಮೇಲೆ. ಕ ತಂಡದ ಎದುರಾಳಿಗಳು (ಖ, ಗ) ಚ ತಂಡದ ಎದುರಾಳಿಗಳಿಗಿಂತ (ಛ, ಜ) ಎಷ್ಟು ಮೇಲೆ? ಅಡ್ಡ ಪಂದ್ಯಗಳ ಅಂತರ 3 ಮತ್ತು 1, ಸರಾಸರಿ 2. ಆದ್ದರಿಂದ ಕ − ಚ = 1 + 2 − 6 = −3. ಚ ಮೂರು ಗೋಲು ಮುಂದೆ.

ಈಗ ಒಂದು ಪಂದ್ಯದಲ್ಲಿ 3 ಗೋಲಿಗಿಂತ ಹೆಚ್ಚಿನ ಅಂತರವನ್ನು 3 ಎಂದೇ ಎಣಿಸಿ. ಚ ತಂಡದ ಸರಾಸರಿ 3ಕ್ಕೆ ಇಳಿಯುತ್ತದೆ: 1 + 2 − 3 = 0. ಮತ್ತೆ ಸಮ. ಮಿತಿಯನ್ನು 2ಕ್ಕೆ ತನ್ನಿ: ಅಡ್ಡ ಪಂದ್ಯಗಳ ಸರಾಸರಿಯೂ 1.5 ಆಗುತ್ತದೆ, 1 + 1.5 − 2 = +0.5. ಕ ಮುಂದೆ.

ಮಿತಿ ಇಲ್ಲದಿದ್ದರೆ ಚ, ಮಿತಿ 3 ಆದರೆ ಸಮ, ಮಿತಿ 2 ಆದರೆ ಕ. ಫಲಿತಾಂಶಗಳು ಕೈಗೆ ಬಂದ ಮೇಲೆ ಸಮಿತಿ ಸಭೆ ಸೇರಿ ‘ಮಿತಿ ಎಷ್ಟಿಡೋಣ’ ಎಂದು ಚರ್ಚಿಸಿದರೆ, ಅದು ನಿಜವಾಗಿ ಚರ್ಚಿಸುತ್ತಿರುವುದು ‘ಯಾರನ್ನು ಕಳಿಸೋಣ’ ಎಂಬುದನ್ನೇ. ಕುಳಿತವರೆಲ್ಲ ಒಳ್ಳೆಯವರೇ ಇದ್ದರೂ ವ್ಯತ್ಯಾಸವಾಗದು. ಮಿತಿಯ ಅಂಕಿ ಮೊದಲ ಪಂದ್ಯದ ಮೊದಲ ಸೀಟಿಗೂ ಮುಂಚೆ ಎಲ್ಲ ಕಾಲೇಜಿಗೂ ಬರಹದಲ್ಲಿ ತಲುಪಿರಬೇಕು.

ಮಿತಿಯೇ ಬೇಡ ಎಂಬ ವಾದಕ್ಕೆ ಹಾಕಿಯಲ್ಲಿ ಬಲ ಕಡಿಮೆ. 5–0 ಮುನ್ನಡೆ ಸಿಕ್ಕ ಮೇಲೆ ಒಳ್ಳೆಯ ಕೋಚ್ ಬೆಂಚಿನ ಹುಡುಗರನ್ನು ಇಳಿಸುತ್ತಾರೆ. ಮಿತಿಯಿಲ್ಲದ ಸೂತ್ರ ಅವರನ್ನು ದಂಡಿಸಿ, ಕೊನೆಯವರೆಗೂ ಮೊದಲ ಹನ್ನೊಂದು ಮಂದಿಯನ್ನೇ ಓಡಿಸುವವರನ್ನು ಮೇಲೇರಿಸುತ್ತದೆ. ಅಮೆರಿಕದಲ್ಲೂ ಈ ಎಳೆದಾಟ ನಡೆದಿದೆ. 2001ರ ಋತುವಿನಲ್ಲಿ ನೆಬ್ರಾಸ್ಕ ತಂಡ ಕೊಲೊರಾಡೊ ಎದುರು 62–36ರಿಂದ ಸೋತೂ ಬಿಸಿಎಸ್ ಲೆಕ್ಕದ ಬಲದಿಂದ ಪ್ರಶಸ್ತಿ ಪಂದ್ಯಕ್ಕೆ ಹೋಯಿತು. 2002ರಿಂದ ಬಿಸಿಎಸ್ ಕಂಪ್ಯೂಟರ್ ಶ್ರೇಯಾಂಕಗಳಲ್ಲಿ ಗೆಲುವಿನ ಅಂತರವನ್ನು ಎಣಿಸಬಾರದೆಂದಾಯಿತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಆರ್‌ಪಿಐ ಜಾಗಕ್ಕೆ ಬಂದ ನೆಟ್ ಎಂಬ ವ್ಯವಸ್ಥೆ ಮೊದಲಿಗೆ ಅಂತರಕ್ಕೆ 10 ಪಾಯಿಂಟ್ ಮಿತಿ ಇಟ್ಟು, 2020ರಲ್ಲಿ ಆ ಅಂಶವನ್ನೇ ಕೈಬಿಟ್ಟಿತು.

ಎಲೋ ಏಕೆ ಇಲ್ಲಿ ಒಗ್ಗದು

ಹಾಕಿ ಬಲ್ಲವರು ತಕ್ಷಣ ಕೇಳುವ ಪ್ರಶ್ನೆ: ಅಂತರರಾಷ್ಟ್ರೀಯ ಹಾಕಿ ಫೆಡರೇಷನ್‌ನಂತೆಯೇ ಮಾಡಬಾರದೇಕೆ? 2020ರಿಂದ ಎಫ್‌ಐಎಚ್ ವಿಶ್ವ ಶ್ರೇಯಾಂಕ ಪಂದ್ಯದಿಂದ ಪಂದ್ಯಕ್ಕೆ ನಡೆಯುತ್ತದೆ. ಸೋತವರಿಂದ ಗೆದ್ದವರಿಗೆ ಅಂಕ ವರ್ಗವಾಗುತ್ತದೆ. ಮೂಲದಲ್ಲಿ ಅದು ಅರ್ಪಾದ್ ಎಲೋ ಚದುರಂಗಕ್ಕೆ ರೂಪಿಸಿದ, ಅಂತರರಾಷ್ಟ್ರೀಯ ಚೆಸ್ ಫೆಡರೇಷನ್ 1970ರಲ್ಲಿ ಒಪ್ಪಿಕೊಂಡ ಪದ್ಧತಿಯ ಬಂಧುವೇ. ವರ್ಷಪೂರ್ತಿ, ವರ್ಷಾನುಗಟ್ಟಲೆ ಆಡುವವರಿಗೆ ಅದು ಚೆನ್ನಾಗಿಯೇ ಹೊಂದುತ್ತದೆ.

ಕಾಲೇಜು ತಂಡಕ್ಕೆ ಎರಡು ಅಡ್ಡಿ. ಮೂರು ವರ್ಷಕ್ಕೆ ತಂಡವೇ ಬದಲಾಗುತ್ತದೆ. ಹಳೆಯ ಹುಡುಗರು ಗಳಿಸಿದ ಅಂಕ ಹೊಸಬರ ಹೆಸರಿಗೆ ಉಳಿಯುವುದು ನ್ಯಾಯವಲ್ಲ. ಇನ್ನೊಂದು, ಮುಚ್ಚಿದ ಗುಂಪಿನೊಳಗೆ ಅಂಕಗಳು ಸುತ್ತುತ್ತವೆಯೇ ಹೊರತು ಹೆಚ್ಚಾಗುವುದಿಲ್ಲ. ಆರೂ ತಂಡಕ್ಕೆ 1500 ಕೊಟ್ಟು, ಒಂದು ಪಂದ್ಯಕ್ಕೆ ಗರಿಷ್ಠ 32 ಅಂಕದ ಬದಲಾವಣೆ ಎಂದಿಟ್ಟು, ಎರಡು ಅಡ್ಡ ಪಂದ್ಯಗಳನ್ನು ಮೊದಲೇ ಆಡಿಸಿದರೆ ದಕ್ಷಿಣಕ್ಕೆ ಸಿಗುವುದು 16 + 16 = 32 ಅಂಕ. ಮೂರು ತಂಡಕ್ಕೆ ಹಂಚಿದರೆ ಸರಾಸರಿ 10.7 ಏರಿಕೆ, ಆ ಕಡೆ ಅಷ್ಟೇ ಇಳಿಕೆ. ಒಟ್ಟು 21 ಅಂಕದ ವ್ಯತ್ಯಾಸವನ್ನು ಎಲೋ ಸೂತ್ರಕ್ಕೆ ಹಾಕಿದರೆ ದಕ್ಷಿಣದ ಸರಾಸರಿ ತಂಡ ಗೆಲ್ಲುವ ಸಂಭವ 53%. ಎರಡಕ್ಕೆ ಎರಡೂ ಗೆದ್ದ ಗುಂಪಿಗೆ ಸಿಕ್ಕಿದ್ದು ನಾಣ್ಯ ಚಿಮ್ಮಿದ್ದಕ್ಕಿಂತ ನೂರಕ್ಕೆ ಮೂರು ಪಾಲು ಮಾತ್ರ ಹೆಚ್ಚು! ಗುಂಪಿನೊಳಗಿನ ನಾಲ್ಕು ಗೆಲುವಿನಿಂದ ಚ ತಂಡ ಅಷ್ಟರಲ್ಲಿ ಎಲ್ಲಿಗೋ ಏರಿರುತ್ತದೆ. ಪಂದ್ಯಗಳ ಅನುಕ್ರಮ ಬದಲಾದರೆ ಅಂಕವೂ ಬದಲಾಗುತ್ತದೆ ಎಂಬುದು ಬೇರೆ.

ಸೂತ್ರದ ಹೊರಗಿನ ಜಗಳಗಳು

ಐದು ಸೂತ್ರ ನೋಡಿದ ಮೇಲೂ ನಿಜವಾದ ತಕರಾರುಗಳು ಸ್ಕೋರ್‌ಶೀಟ್ ತುಂಬುವಲ್ಲೇ ಏಳುತ್ತವೆ.

ವಾಕ್‌ಓವರ್ ಅವುಗಳಲ್ಲಿ ಮೊದಲನೆಯದು. ಪುತ್ತರಿ ಹಬ್ಬದ ಆಸುಪಾಸಿನಲ್ಲೋ ಕಾಫಿ ಕೊಯ್ಲಿನ ನಡುವೆಯೋ ಪಂದ್ಯ ಇಟ್ಟರೆ ತೋಟದ ಮನೆಯ ಹುಡುಗರು ಬರುವುದಿಲ್ಲ. ಹನ್ನೊಂದು ಜನ ಕೂಡದೆ ತಂಡ ಪಂದ್ಯ ಬಿಟ್ಟುಕೊಡುತ್ತದೆ. ಅದನ್ನು 5–0 ಎಂದು ಬರೆದು ಮ್ಯಾಸಿ ಲೆಕ್ಕಕ್ಕೆ ಸೇರಿಸಿದರೆ ಆಡದ ಪಂದ್ಯದಿಂದ ಗೋಲು ಹುಟ್ಟುತ್ತದೆ. ಲೀಗ್ ಅಂಕಪಟ್ಟಿಯಲ್ಲಿ ಗೆಲುವು ಕೊಡಿ, ರೇಟಿಂಗ್ ಲೆಕ್ಕದಿಂದ ಪಂದ್ಯವನ್ನು ಪೂರ್ತಿ ತೆಗೆಯಿರಿ. ಬಲವಾದ ತಂಡವನ್ನು ತಪ್ಪಿಸಿಕೊಳ್ಳಲು ಬೇಕೆಂದೇ ಬಿಟ್ಟುಕೊಟ್ಟರೆ ಎಂಬ ಭಯಕ್ಕೆ ಮದ್ದು ಬೇರೆ: ಎರಡು ವಾಕ್‌ಓವರ್ ಕೊಟ್ಟ ತಂಡವನ್ನು ಆಯ್ಕೆಯಿಂದ ಹೊರಗಿಡುವ ನಿಯಮ.

ಡ್ರಾ ಬಂದರೆ ಕೋಲಿ ಲೆಕ್ಕದಲ್ಲಿ ಅರ್ಧ ಗೆಲುವು, ಅರ್ಧ ಸೋಲು. ಶೂಟೌಟ್‌ನಲ್ಲಿ ಗೆದ್ದದ್ದನ್ನೂ ರೇಟಿಂಗ್‌ಗೆ ಡ್ರಾ ಎಂದೇ ಹಿಡಿಯುವುದು ವಾಸಿ. ಗೋಲ್‌ಕೀಪರ್‌ನನ್ನು ಎದುರಿಸಿ ಎಂಟು ಸೆಕೆಂಡಿನಲ್ಲಿ ಗೋಲು ಹೊಡೆಯುವ ಕೌಶಲಕ್ಕೂ ಹನ್ನೊಂದು ಜನರ ಅರವತ್ತು ನಿಮಿಷದ ಆಟಕ್ಕೂ ಸಂಬಂಧ ಅಷ್ಟಕ್ಕಷ್ಟೇ.

ಮೈದಾನದ ವಿಷಯ ಕೊಡಗಿನಲ್ಲಿ ತವರು–ಪರಸ್ಥಳಕ್ಕಿಂತ ಟರ್ಫ್–ಮಣ್ಣು ಎಂದು ಬರುತ್ತದೆ. ಟರ್ಫ್ ಮೇಲೆ ದಿನವೂ ಅಭ್ಯಾಸ ಮಾಡುವವರ ಪಾಸಿನ ವೇಗ ಬೇರೆ. ಮಣ್ಣಿನಲ್ಲಿ ಚೆಂಡು ಪುಟಿಯುವುದು ಬೇರೆ. ಎನ್‌ಸಿಎಎ 2004–05ರ ಋತುವಿನಿಂದ ಆರ್‌ಪಿಐನಲ್ಲಿ ತವರಿನ ಗೆಲುವನ್ನು 0.6 ಎಂದೂ ಹೊರಗಿನ ಗೆಲುವನ್ನು 1.4 ಎಂದೂ ಎಣಿಸಿತು. ಹದಿನಾಲ್ಕು ಪಂದ್ಯದ ಋತುವಿಗೆ ಇಂಥ ಗುಣಕ ಹಾಕುವುದು ತಪ್ಪು. ಅದನ್ನು ನಿಗದಿಪಡಿಸಲು ಬೇಕಾದಷ್ಟು ಪಂದ್ಯಗಳೇ ಇಲ್ಲ, ಊಹಿಸಿ ಇಟ್ಟರೆ ಮತ್ತೆ ಗೋಲಿನ ಮಿತಿಯದೇ ಕಥೆ. ಮೈದಾನಗಳನ್ನು ಪಂದ್ಯಪಟ್ಟಿಯಲ್ಲೇ ಸಮನಾಗಿ ಹಂಚಬೇಕು.

ಇನ್ನು ನಮೂದಿನ ತಪ್ಪು. 2010ರ ಬಿಸಿಎಸ್ ಅಂತಿಮ ಪಟ್ಟಿ ಹೊರಬಂದ ಮೇಲೆ ಕೋಲಿ ಅವರ ದತ್ತಾಂಶದಲ್ಲಿ ಕೆಳಹಂತದ ಒಂದು ಪಂದ್ಯದ ಫಲಿತಾಂಶ ಬಿಟ್ಟುಹೋಗಿರುವುದು ಗೊತ್ತಾಯಿತು. ಸರಿಪಡಿಸಿದಾಗ 10 ಮತ್ತು 11ನೇ ಸ್ಥಾನದಲ್ಲಿದ್ದ ಎಲ್‌ಎಸ್‌ಯು ಹಾಗೂ ಬಾಯ್ಸಿ ಸ್ಟೇಟ್ ಅದಲುಬದಲಾದವು. ತಪ್ಪು ಹಿಡಿದದ್ದು ಹೊರಗಿನವರು, ಮತ್ತು ಹಿಡಿಯಲು ಸಾಧ್ಯವಾದದ್ದು ಕೋಲಿ ತಮ್ಮ ಸೂತ್ರವನ್ನು ಪೂರ್ತಿ ಪ್ರಕಟಿಸಿದ್ದರಿಂದ. ಗುಟ್ಟಾಗಿಟ್ಟ ಸೂತ್ರಗಳಲ್ಲಿ ಇಂಥ ತಪ್ಪು ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮ ಪ್ರಕರಣದಲ್ಲಿ ಮಾಡಬೇಕಾದದ್ದು ಸುಲಭ: ಪ್ರತಿ ಪಂದ್ಯದ ನಂತರ ಇಬ್ಬರೂ ನಾಯಕರ ಸಹಿ ಇರುವ ಸ್ಕೋರ್‌ಶೀಟಿನ ಫೋಟೊ ಆರೂ ಕಾಲೇಜುಗಳ ವಾಟ್ಸಾಪ್ ಗುಂಪಿಗೆ ಹೋಗಲಿ, ಲೆಕ್ಕದ ಹಾಳೆ ಎಲ್ಲರೂ ತೆರೆದು ನೋಡುವಂತಿರಲಿ, ಆಕ್ಷೇಪಣೆಗೆ ಎರಡು ದಿನ ಕೊಡಿ.

ಪಂದ್ಯಪಟ್ಟಿ ತಿದ್ದುವುದು

ನಾಕೌಟ್ ಆಡಿಸಬಹುದಲ್ಲ ಎಂಬ ಸಲಹೆ ಕೊಡಗಿನಲ್ಲಿ ಬಂದೇ ಬರುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳೊಂದಿಗೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಬೆಳೆದಿತ್ತು, ಅದು ನಾಕೌಟ್. 360 ತಂಡದಿಂದ ಒಂದು ಕಪ್ ವಿಜೇತ ಕುಟುಂಬವನ್ನು ಹುಡುಕಲು 359 ಪಂದ್ಯ ಸಾಕು, ಅದಕ್ಕಿಂತ ಮಿತವ್ಯಯದ ದಾರಿಯಿಲ್ಲ. ಆದರೆ ಅಲ್ಲಿ ಯಾರೂ 17ನೇ ಸ್ಥಾನ ಯಾರದೆಂದು ಕೇಳುವುದಿಲ್ಲ. ಒಂದು ಕೆಟ್ಟ ದಿನ ಬಂದರೆ ಮನೆಗೆ ಹೋಗುವುದನ್ನು ಎಲ್ಲರೂ ಒಪ್ಪಿಕೊಂಡೇ ಬಂದಿರುತ್ತಾರೆ. ಕಾಲೇಜು ಋತುವಿಗೆ ಹುಡುಗರು ಹೆಚ್ಚು ಪಂದ್ಯ ಆಡಲಿ ಎಂಬ ಉದ್ದೇಶವೂ ಇರುವುದರಿಂದ ಲೀಗೇ ಸರಿ.

ಇಲ್ಲಿ ಬೆರಳೆಣಿಸಿದರೆ ಸಿಗುವ ಒಂದು ಸಂಗತಿ ಇದೆ. ಆರು ತಂಡಗಳು ಪರಸ್ಪರ ಒಂದೊಂದು ಸಲ ಆಡಲು 15 ಪಂದ್ಯ ಬೇಕು. ಈಗ ಆಡಿದ್ದು 14. ಒಂದೇ ಒಂದು ಪಂದ್ಯ ಹೆಚ್ಚು ಆಡಿದ್ದರೆ, ಆದರೆ ಬೇರೆ ರೀತಿ ಹಂಚಿ ಆಡಿದ್ದರೆ, ರೇಟಿಂಗ್ ಸೂತ್ರದ ಗೊಡವೆಯೇ ಇರುತ್ತಿರಲಿಲ್ಲ. ಗುಂಪಿನೊಳಗೆ ಎರಡೆರಡು ಸಲ ಆಡುವುದನ್ನು ಒಂದಕ್ಕೆ ಇಳಿಸಿದರೆ 6 ಪಂದ್ಯ. ಉಳಿದ 9 ಅಡ್ಡ ಪಂದ್ಯಗಳು.

ಪ್ರಯಾಣದ ಖರ್ಚೇ ತೊಡಕಾದ್ದರಿಂದ ಆ ಒಂಬತ್ತನ್ನು ಮೂರು ದಿನಕ್ಕೆ ಹೀಗೆ ಕಟ್ಟಬಹುದು:

ಮೊದಲ ದಿನ, ದಕ್ಷಿಣದ ಮೈದಾನದಲ್ಲಿ: ಕ–ಛ, ಖ–ಜ, ಗ–ಚ.
ಎರಡನೆಯ ದಿನ, ಉತ್ತರದ ಮೈದಾನದಲ್ಲಿ: ಕ–ಜ, ಖ–ಚ, ಗ–ಛ.
ಮೂರನೆಯ ದಿನ, ಎರಡೂ ಕಡೆಗೆ ನಡುವಿನ ಜಾಗದಲ್ಲಿ: ಕ–ಚ, ಖ–ಛ, ಗ–ಜ.

ದಿನಕ್ಕೆ ಮೂರು ಪಂದ್ಯ, ಪ್ರತಿ ತಂಡಕ್ಕೂ ದಿನಕ್ಕೆ ಒಂದೇ. ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್, ನಡುವಿನ ವಿರಾಮ, ಮೈದಾನ ಬಿಟ್ಟುಕೊಡುವ ಸಮಯ ಸೇರಿ ಒಂದು ಪಂದ್ಯಕ್ಕೆ ಒಂದೂವರೆ ಗಂಟೆ ಹಿಡಿದರೆ ನಾಲ್ಕೂವರೆ ಗಂಟೆಯಲ್ಲಿ ದಿನದ ಕೆಲಸ ಮುಗಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದರೂ ಎರಡೂವರೆಗೆಲ್ಲ ಮುಗಿದು, ದೂರದ ತಂಡ ಬೆಳಕಿರುವಾಗಲೇ ಊರು ಸೇರಬಹುದು. ರಾತ್ರಿ ತಂಗುವ ಖರ್ಚಿಲ್ಲ. ಮೂರು ತಂಡ ಒಂದೇ ದಾರಿಯಲ್ಲಿ ಹೋಗುವುದರಿಂದ ವಾಹನ ಹಂಚಿಕೊಳ್ಳಬಹುದು. ಆ ಹೊತ್ತಿಗೆ ಪಂದ್ಯವಿಲ್ಲದ ನಾಲ್ಕು ಕಾಲೇಜಿನ ನಿರ್ದೇಶಕರು ಅಂಪೈರಿಂಗ್‌ಗೆ ಸಿಗುತ್ತಾರೆ ಎಂಬುದು ಸಣ್ಣ ಲಾಭವಲ್ಲ. ತವರಿನ ಅನುಕೂಲವೂ ಒಂದು ಸಲ ಇವರಿಗೆ, ಒಂದು ಸಲ ಅವರಿಗೆ, ಒಂದು ಸಲ ಇಬ್ಬರಿಗೂ ಸಮ ಎಂದು ಹಂಚಿಕೆಯಾಗುತ್ತದೆ.

ಸಮ ಅಂಕ ಬಂದರೆ ಮೊದಲು ಪರಸ್ಪರ ಪಂದ್ಯದ ಫಲಿತಾಂಶ, ಆಮೇಲೆ 3 ಗೋಲಿನ ಮಿತಿ ಹಾಕಿದ ಅಂತರ, ಅದೂ ಸಮವಾದರೆ ಶೂಟೌಟ್. ಕ ಖ ತಂಡವನ್ನೂ ಖ ಚ ತಂಡವನ್ನೂ ಚ ಕ ತಂಡವನ್ನೂ ಸೋಲಿಸುವ ಸುತ್ತು ಬಿದ್ದರೆ ಪರಸ್ಪರ ಫಲಿತಾಂಶ ಉಪಯೋಗಕ್ಕೆ ಬಾರದು. ಆಗ ನೇರ ಎರಡನೆಯದಕ್ಕೆ ಹೋಗಬೇಕೆಂದು ನಿಯಮದಲ್ಲೇ ಬರೆದಿಡಬೇಕು, ಇಲ್ಲವಾದರೆ ಮೂವರೂ ತಮಗೆ ಬೇಕಾದ ಪಂದ್ಯವನ್ನೇ ತೋರಿಸುತ್ತಾರೆ.

ತಂಡಗಳ ಸಂಖ್ಯೆ ಹನ್ನೆರಡಾದರೆ ಈ ದಾರಿ ಮುಚ್ಚುತ್ತದೆ, ಏಕೆಂದರೆ 66 ಪಂದ್ಯ ಬೇಕು. ಆಗ ಕೋಲಿಯಂಥ ಸೂತ್ರ ಬಿಟ್ಟರೆ ಗತಿಯಿಲ್ಲ. ಅಲ್ಲೂ ಪ್ರತಿ ತಂಡದ ಪಂದ್ಯಗಳಲ್ಲಿ ಕನಿಷ್ಠ ಮೂರನೆಯ ಒಂದು ಭಾಗವಾದರೂ ಆಚೆ ಗುಂಪಿನವರೊಡನೆ ಇರಬೇಕು ಎಂಬುದು ನಮ್ಮ ಅಂದಾಜು. ಆ ಅಡ್ಡ ಪಂದ್ಯಗಳು ಗುಂಪಿನ ಮೇಲಿನವರಿಗೂ ಕೆಳಗಿನವರಿಗೂ ಹರಡಿರಬೇಕು, ಎರಡು ಬಲಹೀನ ತಂಡಗಳ ಹೆಗಲಿಗೇ ಬೀಳಬಾರದು.

ಆರು ತಂಡದ ಈ ಪಟ್ಟಿಯಲ್ಲಿ ಉಳಿಯುವ ಅಪಾಯ ಮಳೆ. ಕ–ಚ ಪಂದ್ಯ ಮೂರನೆಯ ದಿನಕ್ಕಿದೆ. ಅಕಾಲಿಕ ಮಳೆಗೆ ಆ ದಿನ ಕೈತಪ್ಪಿ, ಬದಲಿ ದಿನವೂ ಸಿಗದಿದ್ದರೆ 12 ಪಂದ್ಯಗಳು ಉಳಿಯುತ್ತವೆ. ಆಗ ಕೋಲಿ ಲೆಕ್ಕವೇ ಅಂತಿಮ ಎಂದು ಮೊದಲೇ ಘೋಷಿಸಿರಬೇಕು. ಪ್ರತಿ ತಂಡವೂ ಆಚೆ ಗುಂಪಿನ ಇಬ್ಬರನ್ನು ಎದುರಿಸಿರುತ್ತದೆ, ಎರಡಿದ್ದ ಕೊಂಡಿ ಆರಾಗಿರುತ್ತದೆ, ಗ–ಛ ಪಂದ್ಯದ ಒಂದು ಪೆನಾಲ್ಟಿ ಕಾರ್ನರ್ ಮೊದಲ ಸ್ಥಾನವನ್ನು ಒಂಟಿಯಾಗಿ ತಿರುಗಿಸುವ ಸಾಧ್ಯತೆ ಬಹಳ ಕಡಿಮೆ.